ಫಲಾನುಸಾರ ಸಹಾಯಧನ ಪದ್ಧತಿಯೂ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರೂ

1862ನೆಯ ಇಸವಿಯಲ್ಲಿ ಇಂಗ್ಲೆಂಡಿನ ವಿದ್ಯಾಭ್ಯಾಸ ಸಮಿತಿಯು ಜಾರಿಗೆ ತಂದ ಪರಿಷ್ಕೃತ ಸಂಹಿತೆಯಲ್ಲಿ, ಷಿಲಿಂಗು ಪೆನ್ಸುಗಳ ಲೆಕ್ಕಾಚಾರಗಳ ನಡುವೆ, ಓದುವವರ ಕಣ್ಣಿಗೆ ಸುಲಭವಾಗಿ ಬೀಳದ ಒಂದು ಸಣ್ಣ ನಿಯಮವಿದೆ. ಸರ್ಕಾರದ ಸಹಾಯಧನವನ್ನು ಪಡೆಯುವ ಪ್ರತಿಯೊಂದು ಶಾಲೆಯೂ ಗಟ್ಟಿಯಾಗಿ ರಟ್ಟು ಕಟ್ಟಿದ ಒಂದು ದಿನಚರಿ ಪುಸ್ತಕವನ್ನು ಇಟ್ಟಿರತಕ್ಕದ್ದು. ಮುಖ್ಯೋಪಾಧ್ಯಾಯನು ಶಾಲೆಯ ನಡೆವಳಿಯನ್ನು ಅದರಲ್ಲಿ ಸಾಧ್ಯವಾದಷ್ಟು ಸಂಕ್ಷೇಪವಾಗಿ ಬರೆಯತಕ್ಕದ್ದು. ಆದರೆ ಸಾಮಾನ್ಯ ಸ್ವರೂಪದ ವಿಚಾರಗಳನ್ನಾಗಲಿ ಅಭಿಪ್ರಾಯಗಳನ್ನಾಗಲಿ ಅದರಲ್ಲಿ ನಮೂದಿಸಕೂಡದು. ಉಪಾಧ್ಯಾಯನು ಕಂಡದ್ದನ್ನು ಬರೆಯಬಹುದು, ಅದರ ಬಗೆಗೆ ತಾನು ಏನೆಣಿಸಿದನೆಂಬುದನ್ನು ಬರೆಯಲಾಗದು ಎಂಬುದೇ ಈ ನಿಯಮದ ತಾತ್ಪರ್ಯ.

ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯಹೊರಟವರಿಗೆ ಈ ನಿಯಮವು ಒಂದು ವಿಚಿತ್ರವಾದ ತೊಡಕನ್ನು ತಂದೊಡ್ಡುತ್ತದೆ. ಸುಮಾರು ಮೂವತ್ತೈದು ವರ್ಷಗಳ ಕಾಲ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳನ್ನು ಆಳಿದ ಫಲಾನುಸಾರ ಸಹಾಯಧನ ಪದ್ಧತಿಯ ವಿಷಯವಾಗಿ ಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಮಾತನಾಡಿದರು, ತನಿಖಾಧಿಕಾರಿಗಳು ವರದಿಗಳನ್ನು ಬರೆದರು, ಕವಿಗಳೂ ಪಾದ್ರಿಗಳೂ ಪತ್ರಿಕೆಗಳಲ್ಲಿ ವಾದ ಹೂಡಿದರು. ಆ ಪದ್ಧತಿಯನ್ನು ದಿನದಿನವೂ ಹೆಗಲ ಮೇಲೆ ಹೊತ್ತು ನಡೆಸಿದ ಉಪಾಧ್ಯಾಯನ ಮಾತಿಗೆ ಮಾತ್ರ ದಾಖಲೆಯಲ್ಲಿ ಸ್ಥಾನವಿರಲಿಲ್ಲ. ಆದುದರಿಂದ ಈ ವಿಷಯದ ಮೇಲೆ ಬಂದಿರುವ ಬಹುಭಾಗದ ಬರವಣಿಗೆಯು ರಾಬರ್ಟ್ ಲೋ ಎಂಬ ಮಂತ್ರಿಗೂ ಮ್ಯಾಥ್ಯೂ ಆರ್ನಲ್ಡ್ ಎಂಬ ತನಿಖಾಧಿಕಾರಿಗೂ ನಡೆದ ವಿವಾದದ ಕಥನವಾಗಿ ಪರಿಣಮಿಸಿದೆ. ಆ ವಿವಾದದ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರಿಬ್ಬರಲ್ಲಿ ಯಾರೂ ಎಂಬತ್ತು ಮಕ್ಕಳ ಮುಂದೆ ನಿಂತು ಮಗ್ಗಿ ಹೇಳಿಸಿದವರಲ್ಲ. ಹಾಗೆ ನಿಂತವರ ಕಡೆಯಿಂದ ಈ ಸುಧಾರಣೆಯು ಹೇಗೆ ಕಂಡಿತೆಂಬುದನ್ನು, ದೊರೆಯುವಷ್ಟು ಆಧಾರಗಳಿಂದ, ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಹಿನ್ನೆಲೆಯನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. 1833ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಶಾಲಾ ಕಟ್ಟಡಗಳಿಗೆಂದು ಮೊತ್ತಮೊದಲಿಗೆ 20,000 ಪೌಂಡುಗಳನ್ನು ಮಂಜೂರು ಮಾಡಿತು. ಶಾಲೆಗಳು ಸರ್ಕಾರದವಲ್ಲ, ಮುಖ್ಯವಾಗಿ ಎರಡು ಧಾರ್ಮಿಕ ಸಂಘಗಳಿಗೆ ಸೇರಿದ್ದವು. 1839ರಲ್ಲಿ ವಿದ್ಯಾಭ್ಯಾಸಕ್ಕಾಗಿ ಒಂದು ಸಮಿತಿಯೂ ಅದರ ಕಾರ್ಯದರ್ಶಿಯಾಗಿ ಜೇಮ್ಸ್ ಕೇ ಷಟಲ್‌ವರ್ತ್ ಎಂಬ ವೈದ್ಯನೂ ಬಂದರು. ಇವನ ಪ್ರಯತ್ನದಿಂದ 1846ರಲ್ಲಿ ಹೊರಟ ನಿರ್ಣಯಗಳೇ ಉಪಾಧ್ಯಾಯ ವೃತ್ತಿಗೆ ಒಂದು ಗೌರವದ ನೆಲೆಯನ್ನು ಕಲ್ಪಿಸಿದವು. ಹದಿಮೂರು ವರ್ಷದ ಜಾಣ ಹುಡುಗ ಅಥವಾ ಹುಡುಗಿ ಐದು ವರ್ಷಗಳ ಕಾಲ ಶಿಷ್ಯೋಪಾಧ್ಯಾಯನಾಗಿ ಕೆಲಸ ಕಲಿತು, ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಗೆದ್ದು, ಶಿಕ್ಷಣ ಕಾಲೇಜಿಗೆ ಹೋಗಿ, ಪ್ರಮಾಣಪತ್ರದೊಡನೆ ಹೊರಬರಬಹುದಾಗಿತ್ತು. ಹಾಗೆ ಬಂದವನಿಗೆ ಶಾಲೆಯ ಆಡಳಿತಗಾರರು ಕೊಡುವ ಸಂಬಳದ ಜೊತೆಗೆ ಸರ್ಕಾರವೇ ನೇರವಾಗಿ ಒಂದು ಮೊತ್ತವನ್ನು ಕಳುಹಿಸುತ್ತಿತ್ತು. ಮುಪ್ಪಿನಲ್ಲಿ ವಿಶ್ರಾಂತಿವೇತನದ ಭರವಸೆಯೂ ಇತ್ತು. ಕೂಲಿಕಾರನ ಮಗನೊಬ್ಬನು ರಾಜ್ಯದ ಸೇವಕನೆಂದು ತನ್ನನ್ನು ತಾನು ಭಾವಿಸಿಕೊಳ್ಳಲು ಇದು ಸಾಕಾಗಿತ್ತು. 1862ರ ಸಂಹಿತೆಯು ಉಪಾಧ್ಯಾಯರ ಮನಸ್ಸಿಗೆ ಅಷ್ಟೊಂದು ಆಘಾತವನ್ನುಂಟುಮಾಡಿದುದೇಕೆಂಬುದನ್ನು ತಿಳಿಯಬೇಕಾದರೆ ಈ ಭಾವನೆಯನ್ನು ಮರೆಯಲಾಗದು.

ಲೋ ಅವನ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಅವನು 1859ರಿಂದ 1864ರ ವರೆಗೆ ವಿದ್ಯಾಭ್ಯಾಸ ಸಮಿತಿಯ ಉಪಾಧ್ಯಕ್ಷನಾಗಿದ್ದನು. ಸರ್ಕಾರದ ವೆಚ್ಚವು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಪೋಸ್ಟಿನ ಮೂಲಕ ಸಾವಿರಾರು ಉಪಾಧ್ಯಾಯರಿಗೆ ಬೇರೆ ಬೇರೆಯಾಗಿ ಹಣ ಕಳುಹಿಸುವ ಕಚೇರಿಯ ಹೊರೆಯೂ ಅಸಾಧ್ಯವಾಗಿ ಬೆಳೆದಿತ್ತು. 1858ರಲ್ಲಿ ನೇಮಕವಾದ ನ್ಯೂಕಾಸಲ್ ಆಯೋಗವು 1861ರಲ್ಲಿ ಕೊಟ್ಟ ವರದಿಯಲ್ಲಿ, ಮಕ್ಕಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದವರಿಗೆ ಮಾತ್ರವೇ ಒಳ್ಳೆಯ ಶಿಕ್ಷಣ ದೊರೆಯುತ್ತಿದೆಯೆಂದೂ, ಉಪಾಧ್ಯಾಯರು ದೊಡ್ಡ ತರಗತಿಯ ಕೆಲವೇ ಬುದ್ಧಿವಂತರ ಕಡೆಗೆ ಗಮನ ಕೊಟ್ಟು ಚಿಕ್ಕವರ ಓದು, ಬರಹ, ಲೆಕ್ಕಗಳನ್ನು ಕಡೆಗಣಿಸುತ್ತಾರೆಂದೂ ಹೇಳಲಾಗಿತ್ತು. ಈ ಆಪಾದನೆಯು ಪೂರ್ಣವಾಗಿ ಸುಳ್ಳೆನ್ನುವಂತಿಲ್ಲ. ಕಾಲೇಜಿನಿಂದ ಹೊಸದಾಗಿ ಬಂದ ಉಪಾಧ್ಯಾಯನಿಗೆ ಭೂಗೋಳ, ಚರಿತ್ರೆಗಳನ್ನು ಹೇಳಿಕೊಡುವುದರಲ್ಲಿದ್ದ ಉತ್ಸಾಹ ಅಕ್ಷರ ತಿದ್ದಿಸುವುದರಲ್ಲಿ ಇರಲಿಕ್ಕಿಲ್ಲ. ಲೋ ಅವನ ಉತ್ತರವು ವ್ಯಾಪಾರಿಯ ಉತ್ತರವಾಗಿತ್ತು: ಸರ್ಕಾರವು ಕೊಳ್ಳುವ ಸರಕನ್ನು ತೂಗಿ ನೋಡಿ ಹಣ ಕೊಡುವುದು. ಈ ಪದ್ಧತಿಯಿಂದ ಶಿಕ್ಷಣವು ಅಗ್ಗವಾಗದಿದ್ದರೆ ಸಮರ್ಥವಾದರೂ ಆಗುತ್ತದೆ, ಸಮರ್ಥವಾಗದಿದ್ದರೆ ಅಗ್ಗವಾದರೂ ಆಗುತ್ತದೆ ಎಂಬರ್ಥದ ಅವನ ಮಾತು ಪಾರ್ಲಿಮೆಂಟಿನಲ್ಲಿ ಪ್ರಸಿದ್ಧವಾಯಿತು. ಆಯೋಗವು ಸೂಚಿಸಿದ್ದ ಸ್ಥಳೀಯ ತೆರಿಗೆ, ಜಿಲ್ಲಾ ಮಂಡಲಿ ಮೊದಲಾದುವನ್ನು ಬಿಟ್ಟು ಪರೀಕ್ಷೆಯೊಂದನ್ನೇ ಅವನು ಎತ್ತಿಕೊಂಡುದು ಗಮನಾರ್ಹ.

ಸಂಹಿತೆಯ ಲೆಕ್ಕ ಹೀಗಿತ್ತು. ಸರಾಸರಿ ಹಾಜರಿಯ ಪ್ರತಿಯೊಂದು ಮಗುವಿಗೆ ಶಾಲೆಗೆ 4 ಷಿಲಿಂಗುಗಳು. ಬೆಳಗಿನ ಅಥವಾ ಮಧ್ಯಾಹ್ನದ ಹೊತ್ತಿನ ಹಾಜರಿ ಸೇರಿ ವರ್ಷಕ್ಕೆ 200ಕ್ಕಿಂತ ಹೆಚ್ಚು ಸಲ ಬಂದ, ಆರು ವರ್ಷ ಮೀರಿದ ಪ್ರತಿಯೊಂದು ಮಗುವಿಗೆ ಇನ್ನೂ 8 ಷಿಲಿಂಗುಗಳು. ಆದರೆ ಆ ಮಗು ತನಿಖಾಧಿಕಾರಿಯ ಮುಂದೆ ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾಗಬೇಕು. ಒಂದೊಂದು ವಿಷಯದಲ್ಲಿ ತಪ್ಪಿದರೂ 2 ಷಿಲಿಂಗು 8 ಪೆನ್ಸುಗಳು ಕಡಿತವಾಗುತ್ತಿದ್ದವು. ಮೊದಲ ಕರಡಿನಲ್ಲಿ ಮಕ್ಕಳನ್ನು ವಯಸ್ಸಿಗನುಸಾರ ಗುಂಪುಮಾಡಬೇಕೆಂದಿತ್ತು. ಇದಕ್ಕೆ ದೊಡ್ಡ ವಿರೋಧ ಬಂದುದರಿಂದ ಆರು ದರ್ಜೆಗಳನ್ನು ಏರ್ಪಡಿಸಲಾಯಿತು. ಒಂದನೆಯ ದರ್ಜೆಯ ಮಗು ಒಂದೊಂದು ಪದಾಂಶದ ಶಬ್ದಗಳಿರುವ ಕಥೆಯನ್ನು ಓದಬೇಕು, ಹೇಳಿದ ಅಕ್ಷರಗಳನ್ನು ಹಲಗೆಯ ಮೇಲೆ ಬರೆಯಬೇಕು, ಇಪ್ಪತ್ತರ ವರೆಗೆ ಅಂಕಿಗಳನ್ನು ಗುರುತಿಸಬೇಕು. ಆರನೆಯ ದರ್ಜೆಯವನು ವೃತ್ತಪತ್ರಿಕೆಯ ಒಂದು ಸಣ್ಣ ಭಾಗವನ್ನು ಓದಬೇಕು. ನಡುವಣ ದರ್ಜೆಗಳಿಗೆ ಶಾಲೆಯಲ್ಲಿ ಬಳಸುತ್ತಿರುವ ವಾಚನ ಪುಸ್ತಕದಿಂದಲೇ ಓದಿಸಬೇಕೆಂದು ನಿಯಮವಿತ್ತು. ಒಮ್ಮೆ ಒಂದು ದರ್ಜೆಯಲ್ಲಿ ಪರೀಕ್ಷೆಗೆ ನಿಂತ ಮಗುವನ್ನು ಮತ್ತೆ ಅದೇ ದರ್ಜೆಗಾಗಲಿ ಕೆಳಗಿನದಕ್ಕಾಗಲಿ ನಿಲ್ಲಿಸುವಂತಿರಲಿಲ್ಲ. ಹೆಣ್ಣುಮಕ್ಕಳಿಗೆ ಹೊಲಿಗೆ ಕಡ್ಡಾಯವಾಗಿತ್ತು. ಆದರೆ ಸೂಜಿಗೆ ಹೋದ ಹೊತ್ತನ್ನು ಲೆಕ್ಕದ ಪರೀಕ್ಷೆಯಲ್ಲಿ ಯಾರೂ ವಾಪಸು ಕೊಡುತ್ತಿರಲಿಲ್ಲ.

ಈಗ ತರಗತಿಯ ಒಳಗೆ ಬರೋಣ. ಮೇಲೆ ಹೇಳಿದ ನಿಯಮಗಳಲ್ಲಿ ನಾವು ಹೆಚ್ಚಿನ ಗಮನವನ್ನು ಕೊಡಬೇಕಾದುದು ಶಾಲೆಯಲ್ಲಿ ಬಳಸುತ್ತಿರುವ ಪುಸ್ತಕದಿಂದ ಎಂಬ ಆ ಒಂದು ಮಾತಿಗೆ. ಬರೆದವರು ಇದನ್ನು ಮಕ್ಕಳ ಮೇಲಣ ಕನಿಕರದಿಂದಲೇ ಬರೆದಿರಬೇಕು. ಪರಿಚಿತವಲ್ಲದ ಪುಸ್ತಕವನ್ನು ಕೊಟ್ಟರೆ ಮಗು ಬೆದರುವುದು ಸಹಜ. ಆದರೆ ಉಪಾಧ್ಯಾಯನ ದೃಷ್ಟಿಯಿಂದ ಅದರ ಅರ್ಥವೇನಾಯಿತು? ವರ್ಷಕ್ಕೆ ಒಂದೇ ಪುಸ್ತಕ ಸಾಕು, ಎರಡನೆಯದು ಅಪಾಯ. ಆ ಒಂದು ಪುಸ್ತಕವನ್ನು ಹನ್ನೆರಡು ತಿಂಗಳು ಸತತವಾಗಿ ಓದಿಸಿದರೆ ಮಂದಬುದ್ಧಿಯ ಮಗುವೂ ಅದನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲದು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಸರಾಗವಾಗಿ ಓದಿದ ಮಕ್ಕಳ ಕಥೆಗಳು ಆ ಕಾಲದ ಇಂಗ್ಲೆಂಡಿನಲ್ಲಿ ಹೇರಳವಾಗಿ ಪ್ರಚಾರದಲ್ಲಿದ್ದವು; ಅವುಗಳಲ್ಲಿ ಉತ್ಪ್ರೇಕ್ಷೆಯೆಷ್ಟೇ ಇರಲಿ, 1867ರ ತನ್ನ ವರದಿಯಲ್ಲಿ ಆರ್ನಲ್ಡನು, ಮಕ್ಕಳಿಗೆ ಓದಲು ನಿಜವಾಗಿ ಬಾರದಿದ್ದರೂ ಓದಿನ ಪರೀಕ್ಷೆಯಲ್ಲಿ ಅವರನ್ನು ದಾಟಿಸುವುದು ಸಾಧ್ಯವಾಗಿದೆಯೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಮೂರು ವಿಷಯಗಳ ಹೊರಗಿನ ಭೂಗೋಳ, ಚರಿತ್ರೆ, ವ್ಯಾಕರಣಗಳು ಸೊರಗಿದುವೆಂದೂ ಅವನೇ ಬರೆದನು. ಹಣ ತಾರದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಜಾಗವೆಲ್ಲಿಂದ ಬರಬೇಕು?

ಉಪಾಧ್ಯಾಯನ ಎದುರಿಗೆ ಕುಳಿತ ಮಕ್ಕಳು ಅವನ ಕಣ್ಣಿಗೆ ಬೇರೆಯಾಗಿ ಕಾಣಲಾರಂಭಿಸಿದರು. ಇದೇ ಈ ಪದ್ಧತಿಯ ನಿಜವಾದ ಕೇಡೆಂದು ನಮ್ಮ ಅಭಿಪ್ರಾಯ. ಜಾಣನಾದ ಹುಡುಗನು ಹೇಗಿದ್ದರೂ ತೇರ್ಗಡೆಯಾಗುವನಾದುದರಿಂದ ಅವನ ಕಡೆಗೆ ನೋಡುವ ಅಗತ್ಯವಿಲ್ಲ. ಹಾಜರಿಯ ಸಂಖ್ಯೆ 200 ಮುಟ್ಟದ ಹುಡುಗನಿಂದ ಫಲವಿಲ್ಲ. ಅವನು ಎಷ್ಟು ಕಲಿತರೂ ಪರೀಕ್ಷೆಯ ಹಣವನ್ನು ತರಲಾರನು. ಸುಗ್ಗಿಯ ಕೆಲಸಕ್ಕೆ, ಆಲೂಗೆಡ್ಡೆ ಆಯುವುದಕ್ಕೆ, ಕಾಗೆಗಳನ್ನು ಓಡಿಸುವುದಕ್ಕೆ ಹೋಗುವ ಹಳ್ಳಿಯ ಮಕ್ಕಳಲ್ಲಿ ಅನೇಕರು ಈ ವರ್ಗಕ್ಕೆ ಸೇರಿದವರು. ಉಳಿದವರು ಅಂಚಿನಲ್ಲಿರುವವರು: ಒತ್ತಿ ತಿದ್ದಿದರೆ ತೇರ್ಗಡೆಯಾಗಬಹುದಾದ, ಬಿಟ್ಟರೆ ಬೀಳುವ ಮಕ್ಕಳು. ಶಾಲೆಯ ಶ್ರಮವೆಲ್ಲ ಅವರ ಮೇಲೆ ಸುರಿಯಿತು. ಬೆತ್ತವೂ ಅವರ ಮೇಲೆಯೇ ಹೆಚ್ಚು ಆಡಿತು. ಚಿಕ್ಕವರನ್ನು ಕಡೆಗಣಿಸುತ್ತಾರೆಂಬ ದೂರನ್ನು ನಿವಾರಿಸಲು ಬಂದ ಸಂಹಿತೆಯು ಆ ಒಂದು ಉದ್ದೇಶವನ್ನು ಸ್ವಲ್ಪಮಟ್ಟಿಗೆ ನೆರವೇರಿಸಿತೆಂದು ಒಪ್ಪಿಕೊಳ್ಳಬೇಕು. ಕೆಳಗಿನ ತರಗತಿಗಳ ಮಕ್ಕಳಿಗೆ ಪಾಠ ಹೇಳದೆ ಇನ್ನು ವಿಧಿಯಿರಲಿಲ್ಲ. ಆದರೆ ಹೇಳಿದ್ದು ಎಂತಹ ಪಾಠ ಎಂಬ ಪ್ರಶ್ನೆ ಉಳಿಯಿತು.

ಪರೀಕ್ಷೆಯ ದಿನದ ಚಿತ್ರ ಅನೇಕರ ನೆನಪುಗಳಲ್ಲಿ ಉಳಿದಿದೆ. ಆಕ್ಸ್‌ಫರ್ಡ್ ಪ್ರಾಂತದ ಹಳ್ಳಿಯೊಂದರಲ್ಲಿ 1880ರ ದಶಕದಲ್ಲಿ ಬೆಳೆದ ಫ್ಲೋರಾ ಥಾಮ್ಸನ್ ಎಂಬ ಲೇಖಕಿ, 1939ರಲ್ಲಿ ಪ್ರಕಟವಾದ ತನ್ನ ‘ಲಾರ್ಕ್ ರೈಸ್’ ಎಂಬ ಪುಸ್ತಕದಲ್ಲಿ, ಆ ದಿನ ಶಾಲೆಯನ್ನೆಲ್ಲ ಆವರಿಸುತ್ತಿದ್ದ ಭೀತಿಯನ್ನು ವಿವರಿಸಿದ್ದಾಳೆ. ಅದನ್ನು ಓದುವಾಗ ಭೀತಿ ಮಕ್ಕಳದ್ದೋ ಉಪಾಧ್ಯಾಯಿನಿಯದ್ದೋ ಎಂಬುದನ್ನು ಬೇರ್ಪಡಿಸುವುದು ಕಷ್ಟ. ಜ್ವರ ಬಂದ ಮಕ್ಕಳನ್ನೂ ಕಂಬಳಿ ಹೊದಿಸಿ ಶಾಲೆಗೆ ಎತ್ತಿ ತರುತ್ತಿದ್ದ ಸಂಗತಿಯನ್ನು ಆ ಕಾಲದವರು ಹೇಳುತ್ತಾರೆ. ಹಾಜರಿಲ್ಲದ ಮಗು ತೇರ್ಗಡೆಯಾಗಲಾರದಷ್ಟೆ. ತನಿಖಾಧಿಕಾರಿಗೂ ಅಂದು ನೂರಾರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿ ಪಟ್ಟಿಯಲ್ಲಿ ಗುರುತು ಹಾಕುವುದರ ಹೊರತು ಬೇರೆ ಕೆಲಸಕ್ಕೆ ಬಿಡುವಿರಲಿಲ್ಲ. ಹಿಂದೆ ಅವನು ಶಾಲೆಗೆ ಬಂದಾಗ ಉಪಾಧ್ಯಾಯನೊಡನೆ ಕುಳಿತು ಪಾಠಕ್ರಮವನ್ನು ಕುರಿತು ಮಾತನಾಡುವುದಿತ್ತು. ಈಗ ಅವನು ಲೆಕ್ಕಪರಿಶೋಧಕನಾದನು, ಉಪಾಧ್ಯಾಯನು ಲೆಕ್ಕ ಒಪ್ಪಿಸುವವನಾದನು.

ನಮ್ಮ ಹಿರಿಯರ ಬಾಯಲ್ಲಿ ಸಾಹೇಬರ ತನಿಖೆಯ ದಿನದ ಕಥೆಗಳನ್ನು ಕೇಳಿದವರಿಗೆ, ಗೋಡೆಗೆ ಸುಣ್ಣ ಬಳಿದು ಮಕ್ಕಳಿಗೆ ಶುಭ್ರವಾದ ಅಂಗಿ ತೊಡಿಸಿ ಬುದ್ಧಿವಂತರನ್ನು ಮುಂದಿನ ಸಾಲಿನಲ್ಲಿ ಕೂಡಿಸುವ ಆ ಸಂಭ್ರಮದ ಪರಿಚಯವಿರುವವರಿಗೆ, ಇದೆಲ್ಲ ದೂರದೇಶದ ವಾರ್ತೆಯಾಗಿ ತೋರಲಾರದು. ಅದಕ್ಕೆ ಕಾರಣವೂ ಇದೆ. ಮುಂದೆ ಆ ಪ್ರಸಂಗಕ್ಕೆ ಬರುತ್ತೇವೆ.

ಉಪಾಧ್ಯಾಯನ ಜೀವನಸ್ಥಿತಿಯಲ್ಲಾದ ವ್ಯತ್ಯಾಸ ಇನ್ನೂ ಆಳವಾದುದು. ಸರ್ಕಾರವು ಅವನಿಗೆ ನೇರವಾಗಿ ಕಳುಹಿಸುತ್ತಿದ್ದ ಹಣ ನಿಂತುಹೋಯಿತು; ವಿಶ್ರಾಂತಿವೇತನದ ಭರವಸೆಯನ್ನೂ ಹಿಂತೆಗೆದುಕೊಳ್ಳಲಾಯಿತು. ಸಹಾಯಧನವೆಲ್ಲವೂ ಆಡಳಿತಗಾರರ ಕೈಗೆ ಬರುತ್ತಿದ್ದುದರಿಂದ, ಹಳ್ಳಿಗಳಲ್ಲಿ ಎಂದರೆ ಬಹುತೇಕ ಸ್ಥಳೀಯ ಪಾದ್ರಿಯ ಕೈಗೆ, ಸಂಬಳವು ಅವರೊಡನೆ ಮಾಡಿಕೊಳ್ಳುವ ಚೌಕಾಸಿಯ ವಿಷಯವಾಯಿತು. ಬಂದ ಸಹಾಯಧನದಲ್ಲಿ ಇಂತಿಷ್ಟು ಪಾಲೆಂದು ಸಂಬಳವನ್ನು ಗೊತ್ತುಮಾಡುವ ವಾಡಿಕೆ ಅನೇಕ ಕಡೆ ಬೆಳೆಯಿತು. ಅಂದರೆ ಒಂದು ಮಗು ತಪ್ಪು ಕೂಡಿಸಿದರೆ ಉಪಾಧ್ಯಾಯನ ಮನೆಯ ಬ್ರೆಡ್ಡು ಅಷ್ಟರಮಟ್ಟಿಗೆ ಚಿಕ್ಕದಾಗುತ್ತಿತ್ತು. ಶಿಷ್ಯೋಪಾಧ್ಯಾಯರ ಖರ್ಚೂ ಆಡಳಿತಗಾರರ ಮೇಲೆಯೇ ಬಿದ್ದುದರಿಂದ ಅವರನ್ನು ಕಡಮೆ ಮಾಡಲಾಯಿತು. 1861ರಲ್ಲಿ 36 ಮಕ್ಕಳಿಗೆ ಒಬ್ಬ ಶಿಷ್ಯೋಪಾಧ್ಯಾಯನಿದ್ದುದು 1866ರ ಹೊತ್ತಿಗೆ 54 ಮಕ್ಕಳಿಗೆ ಒಬ್ಬನಾಯಿತೆಂದು ಆರ್ನಲ್ಡನು ಲೆಕ್ಕ ಕೊಟ್ಟಿದ್ದಾನೆ. ರಾಜ್ಯದ ವೆಚ್ಚ 1861ರ ಸುಮಾರು 8 ಲಕ್ಷ 13 ಸಾವಿರ ಪೌಂಡುಗಳಿಂದ 1865ರಲ್ಲಿ ಸುಮಾರು 6 ಲಕ್ಷ 36 ಸಾವಿರಕ್ಕೆ ಇಳಿಯಿತು. ಲೋ ಹೇಳಿದ ಎರಡು ಗುಣಗಳಲ್ಲಿ ಅಗ್ಗವೆಂಬುದಂತೂ ಸಿದ್ಧಿಸಿತು.

ಇಷ್ಟೆಲ್ಲ ನಡೆಯುತ್ತಿರುವಾಗ ದಿನಚರಿ ಪುಸ್ತಕದಲ್ಲಿ ಉಪಾಧ್ಯಾಯನು ಏನು ಬರೆದನು? ಇಂಗ್ಲೆಂಡಿನ ಪ್ರಾಂತೀಯ ದಾಖಲೆ ಭಂಡಾರಗಳಲ್ಲಿ ಇಂತಹ ಪುಸ್ತಕಗಳು ಬಹುಸಂಖ್ಯೆಯಲ್ಲಿ ಉಳಿದುಬಂದಿವೆ. ಹಲವು ಅಚ್ಚಾಗಿಯೂ ಇವೆ. ಮೊದಲ ನೋಟಕ್ಕೆ ಅವು ನೀರಸ. ಮಳೆ, ಹಿಮ, ದಡಾರದ ಹಾವಳಿ, ಜಾತ್ರೆಯ ಕಾರಣದಿಂದ ಹಾಜರಿ ಕಡಮೆ, ಪಾದ್ರಿಯ ಭೇಟಿ, ಎರಡನೆಯ ದರ್ಜೆ ಲೆಕ್ಕದಲ್ಲಿ ಹಿಂದೆ, ಇಂಥ ಹುಡುಗನಿಗೆ ಶಿಕ್ಷೆ ಎಂಬ ಬಗೆಯ ನಮೂದುಗಳೇ ಪುಟ ಪುಟಗಳಲ್ಲಿ ಮರಳಿ ಮರಳಿ ಬರುತ್ತವೆ. ಅಭಿಪ್ರಾಯವೆಂಬುದು ಎಲ್ಲಿಯೂ ಇಲ್ಲವೆಂದು ಓದುಗನು ಬೇಸರಗೊಳ್ಳುವುದುಂಟು. ಆದರೆ ಬರೆಯಬಾರದೆಂಬ ಆಜ್ಞೆಯ ಕೆಳಗೆ ಬರೆದುದನ್ನು ಓದುವ ರೀತಿಯೇ ಬೇರೆ. ತನಿಖೆಯ ತಿಂಗಳು ಹತ್ತಿರವಾದಂತೆ ಹಾಜರಿಯ ನಮೂದುಗಳು ದಟ್ಟವಾಗುವುದನ್ನೂ, ದೀರ್ಘಕಾಲ ಬಾರದ ಮಕ್ಕಳ ಹೆಸರುಗಳು ಆಗ ಕಾಣಿಸಿಕೊಳ್ಳುವುದನ್ನೂ ನೋಡಿದರೆ, ಯಾವ ವಾರದಲ್ಲಿ ಉಪಾಧ್ಯಾಯನು ನಿದ್ದೆಗೆಟ್ಟನೆಂಬುದನ್ನು ಊಹಿಸಲು ಕಷ್ಟವಿಲ್ಲ. ತನಿಖಾಧಿಕಾರಿಯ ವರದಿಯ ಸಾರವನ್ನು ಅದೇ ಪುಸ್ತಕದಲ್ಲಿ ಆಡಳಿತಗಾರರ ಪರವಾಗಿ ನಕಲು ಮಾಡಬೇಕೆಂದು ವಿಧಿಯಿತ್ತು. ಹೀಗಾಗಿ ಒಂದೇ ಪುಟದಲ್ಲಿ ಎರಡು ಕೈಬರಹಗಳು ನಮಗೆ ದೊರೆಯುತ್ತವೆ: ಒಂದಕ್ಕೆ ಅಭಿಪ್ರಾಯ ಹೇಳುವ ಅಧಿಕಾರವಿದೆ, ಇನ್ನೊಂದಕ್ಕಿಲ್ಲ. ವರದಿಯು ಶಾಲೆಯ ಲೆಕ್ಕ ದುರ್ಬಲವೆಂದು ತೀರ್ಮಾನ ಕೊಟ್ಟ ಪುಟಕ್ಕೆ ಹಿಂದಿನ ಪುಟಗಳಲ್ಲಿಯೇ ಅರ್ಧ ಶಾಲೆ ಬಿತ್ತನೆಗೆ ಹೋದ ಸಂಗತಿ ಬರೆದಿರುತ್ತದೆ. ನಿಯಮವನ್ನು ಮುರಿಯದೆಯೇ ತನ್ನ ಸಮರ್ಥನೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ಈ ಜಾಣ್ಮೆಯನ್ನು ಮನಗಾಣದವರು ಈ ದಾಖಲೆಗಳನ್ನು ಓದಲಾರರು. ಹವಾಮಾನದ ವಿಷಯದಲ್ಲಿ ಆ ಕಾಲದ ಉಪಾಧ್ಯಾಯರಿಗಿದ್ದ ಅತ್ಯಾಸಕ್ತಿಗೆ ಇದಕ್ಕಿಂತ ಬೇರೆ ಕಾರಣವನ್ನು ನಾವು ಹುಡುಕಬೇಕಾಗಿಲ್ಲ.

ಪುಸ್ತಕದಲ್ಲಿ ಬರೆಯಲಾಗದ ಮಾತು ಹೊರಗೆ ಬಂದುದು ಸಂಘದ ಮೂಲಕ. 1870ರಲ್ಲಿ ಫಾರ್ಸ್ಟರನ ವಿದ್ಯಾಭ್ಯಾಸ ಶಾಸನವು ಜಾರಿಗೆ ಬಂದ ವರ್ಷವೇ, ಅದುವರೆಗೆ ಪಂಥವಾರು ಒಡೆದು ಹೋಗಿದ್ದ ಉಪಾಧ್ಯಾಯರ ಸಂಘಗಳು ಒಂದುಗೂಡಿ ಪ್ರಾಥಮಿಕ ಶಾಲೋಪಾಧ್ಯಾಯರ ರಾಷ್ಟ್ರೀಯ ಸಂಘವು ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಅದರ ಮೊದಲನೆಯ ಅಧ್ಯಕ್ಷನಾದ ಜೆ. ಜೆ. ಗ್ರೇವ್ಸ್ ಲ್ಯಾಂಪೋರ್ಟ್ ಎಂಬ ಹಳ್ಳಿಯ ಉಪಾಧ್ಯಾಯನಾಗಿದ್ದನು. ಸಂಘದ ಬೇಡಿಕೆಗಳನ್ನು ಸೇರಿಸಿ ಓದಿದರೆ, ದಿನಚರಿಯ ಸಂಯಮದ ಹಿಂದೆ ಏನು ಅಡಗಿತ್ತೆಂಬುದು ವಿದಿತವಾಗುತ್ತದೆ. ಫಲಾನುಸಾರ ಸಹಾಯಧನವನ್ನು ತೆಗೆದುಹಾಕಬೇಕು, ಕೆಲಸಕ್ಕೆ ಭದ್ರತೆ ಬೇಕು, ವಿಶ್ರಾಂತಿವೇತನ ಬೇಕು, ಶಾಲೆಯ ಹೊರಗಿನ ಚಾಕರಿಗಳಿಂದ, ಅಂದರೆ ಚರ್ಚಿನಲ್ಲಿ ವಾದ್ಯ ನುಡಿಸುವುದು, ಭಾನುವಾರದ ಪಾಠ ಹೇಳುವುದು ಇತ್ಯಾದಿಗಳಿಂದ ಬಿಡುಗಡೆ ಬೇಕು, ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೂ ತನಿಖಾಧಿಕಾರಿಗಳಾಗುವ ದಾರಿ ತೆರೆಯಬೇಕು. ಕಡೆಯ ಬೇಡಿಕೆಯು ವಿಶೇಷವಾಗಿ ಗಮನಿಸತಕ್ಕದ್ದು. ತನಿಖಾಧಿಕಾರಿಗಳಾಗಿ ಬರುತ್ತಿದ್ದವರು ಸಾಮಾನ್ಯವಾಗಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವೀಧರರು. ಬಡ ಮಕ್ಕಳ ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ತನ್ನ ಕೆಲಸವನ್ನು ಬಲ್ಲವನೇ ತನ್ನ ಕೆಲಸವನ್ನು ಅಳೆಯಲಿ ಎಂಬುದು ಉಪಾಧ್ಯಾಯನ ವಾದವಾಗಿತ್ತು. ಸಂಬಳದ ದೂರಿಗಿಂತ ಈ ಅವಮಾನದ ನೋವೇ ಅವರಿಗೆ ಹಿರಿದಾಗಿತ್ತೆಂದು ನಮಗೆ ತೋರುತ್ತದೆ.

ಉಪಾಧ್ಯಾಯರೆಲ್ಲರೂ ಈ ಪದ್ಧತಿಯನ್ನು ಒಂದೇ ಬಗೆಯಾಗಿ ದ್ವೇಷಿಸಿದರೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಒಳ್ಳೆಯ ಫಲಿತಾಂಶ ತರಬಲ್ಲನೆಂದು ಹೆಸರು ಪಡೆದವನಿಗೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು. ಅಂತಹವರು ಶೇಕಡಾವಾರು ಅಂಕಿಗಳನ್ನು ಹೆಮ್ಮೆಯಿಂದ ತೋರಿಸಿಕೊಂಡರು. 1867ರಿಂದ ಭೂಗೋಳ, ವ್ಯಾಕರಣಗಳಂತಹ ವಿಶೇಷ ವಿಷಯಗಳಿಗೂ ಹಣ ಸಿಗಲಾರಂಭಿಸಿತು. 1875ರಲ್ಲಿ ಇಡೀ ತರಗತಿಯ ಮೇಲೆ ಲೆಕ್ಕ ಹಾಕುವ ವಿಷಯಗಳು ಬಂದವು. 1882ರಲ್ಲಿ ಮಂಡೆಲ್ಲಾ ಮಂತ್ರಿಯ ಸಂಹಿತೆಯು ಶಾಲೆಯ ಒಟ್ಟು ಯೋಗ್ಯತೆಗೆ ಬೇರೊಂದು ಸಹಾಯಧನವನ್ನು ಕಲ್ಪಿಸಿತು. ಪದ್ಧತಿಯ ಬಿಗಿಯನ್ನು ಸಡಿಲಿಸಲೆಂದು ಬಂದ ಈ ತಿದ್ದುಪಡಿಗಳು ಒಂದೊಂದೂ ಹೊಸದೊಂದು ಪರೀಕ್ಷೆಯಾಗಿ ಉಪಾಧ್ಯಾಯನ ತಲೆಯ ಮೇಲೆ ಕುಳಿತವು. 1884ರಲ್ಲಿ ಲಂಡನ್ನಿನ ಶಾಲೆಗಳನ್ನು ನೋಡಿದ ಕ್ರೈಟನ್ ಬ್ರೌನ್ ಎಂಬ ವೈದ್ಯನು ಮಕ್ಕಳ ಮೇಲೆ ಅತಿಯಾದ ಒತ್ತಡ ಬೀಳುತ್ತಿದೆಯೆಂದು ವರದಿ ಮಾಡಿದಾಗ, ಜೆ. ಜಿ. ಫಿಚ್ ಎಂಬ ತನಿಖಾಧಿಕಾರಿಯು ಅದನ್ನು ಖಂಡಿಸಿ ಉತ್ತರ ಬರೆದನು. ಫಿಚ್ಚನು ಸಾಮಾನ್ಯನಲ್ಲ, ಶಿಕ್ಷಣಶಾಸ್ತ್ರವನ್ನು ಬಲ್ಲವನು. ವೈದ್ಯನ ಆಧಾರಗಳು ಸಡಿಲವೆಂಬ ಅವನ ಮಾತಿನಲ್ಲಿ ಹುರುಳಿತ್ತು. ಆದರೂ ಚರ್ಚೆಯು ಉಪಾಧ್ಯಾಯರ ದೂರಿಗೆ ಮೊದಲ ಸಲ ಸಾರ್ವಜನಿಕರ ಕಿವಿಯನ್ನು ದೊರಕಿಸಿತು.

1886ರಲ್ಲಿ ನೇಮಕವಾಗಿ 1888ರಲ್ಲಿ ವರದಿಯನ್ನೊಪ್ಪಿಸಿದ ಕ್ರಾಸ್ ಆಯೋಗದಲ್ಲಿ ಸಂಘದ ಕಾರ್ಯದರ್ಶಿಯಾದ ಟಿ. ಇ. ಹೆಲ್ಲರ್ ಸದಸ್ಯನಾಗಿ ಕುಳಿತನು. ಇಪ್ಪತ್ತೈದು ವರ್ಷಗಳ ಹಿಂದೆ ಇದು ಊಹಿಸಲೂ ಆಗದ ಸಂಗತಿ. ಧಾರ್ಮಿಕ ಶಾಲೆಗಳ ಪ್ರಶ್ನೆಯಲ್ಲಿ ಎರಡಾಗಿ ಒಡೆದ ಆ ಆಯೋಗವು ಪರೀಕ್ಷೆಯ ಮೇಲೆ ಹಣ ಕೊಡುವ ಕ್ರಮವನ್ನು ಸಡಿಲಿಸಬೇಕೆಂಬುದರಲ್ಲಿ ಮಾತ್ರ ಹೆಚ್ಚು ಕಡಮೆ ಒಮ್ಮತಕ್ಕೆ ಬಂದಿತು. 1890ರ ಸಂಹಿತೆಯು ಓದು, ಬರಹ, ಲೆಕ್ಕಗಳಲ್ಲಿ ಮಗುವೊಂದಕ್ಕೆ ಇಂತಿಷ್ಟೆಂಬ ಸಹಾಯಧನವನ್ನು ನಿಲ್ಲಿಸಿತು. ಉಳಿದ ಅವಶೇಷಗಳು 1897ರ ಹೊತ್ತಿಗೆ ಹೋದವು. 1905ರಲ್ಲಿ ವಿದ್ಯಾಭ್ಯಾಸ ಮಂಡಲಿಯು ಹೊರಡಿಸಿದ ಉಪಾಧ್ಯಾಯರ ಕೈಪಿಡಿಯು, ಪ್ರತಿಯೊಬ್ಬ ಉಪಾಧ್ಯಾಯನೂ ತನ್ನ ಬೋಧನಕ್ರಮವನ್ನು ತಾನೇ ಆಲೋಚಿಸಿ ನಿರ್ಧರಿಸಲಿ ಎಂದು ಹೇಳುವ ಮಟ್ಟಿಗೆ ಕಾಲ ಬದಲಾಗಿತ್ತು.

ಆದರೆ ಆಲೋಚಿಸು ಎಂದಮಾತ್ರಕ್ಕೆ ಆಲೋಚನೆ ಬರುವುದಿಲ್ಲ. ಮೂವತ್ತು ವರ್ಷ ಅಂಕಿಗಳನ್ನು ಒಪ್ಪಿಸಿದ ಉಪಾಧ್ಯಾಯನು, ಅಂತಹವನ ಕೈಯಲ್ಲಿಯೇ ಕಲಿತು ಶಿಷ್ಯೋಪಾಧ್ಯಾಯನಾಗಿ ಬಂದವನು, ಹಳೆಯ ಜಾಡಿನಲ್ಲಿಯೇ ನಡೆದರೆ ಆಶ್ಚರ್ಯವಿಲ್ಲ. ಪ್ರಾಥಮಿಕ ಶಾಲೆಗಳ ಮುಖ್ಯ ತನಿಖಾಧಿಕಾರಿಯಾಗಿದ್ದು ನಿವೃತ್ತನಾದ ಎಡ್ಮಂಡ್ ಹೋಮ್ಸ್ 1911ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಜಡತೆಯನ್ನು ಕಟುವಾಗಿ ಚಿತ್ರಿಸಿ, ಅದರ ಮೂಲವನ್ನು ಫಲಾನುಸಾರ ಪದ್ಧತಿಯಲ್ಲಿ ಕಂಡನು. ತಾನೂ ಆ ಯಂತ್ರದ ಒಂದು ಚಕ್ರವಾಗಿದ್ದುದನ್ನು ಅವನು ಮುಚ್ಚಿಡಲಿಲ್ಲ. ಉದಾತ್ತವಾದ ಪುಸ್ತಕವದು. ಆದರೆ ಅದೇ ಹೋಮ್ಸನು ನಿವೃತ್ತಿಗೆ ಮುನ್ನ ಕಳುಹಿಸಿದ ಒಂದು ಗುಪ್ತ ಸುತ್ತೋಲೆಯಲ್ಲಿ, ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು ಸ್ಥಳೀಯ ತನಿಖಾಧಿಕಾರಿಗಳಾದವರನ್ನು ಸಂಸ್ಕಾರ ಸಾಲದವರೆಂದು ಹೀನಾಯವಾಗಿ ಬಣ್ಣಿಸಿದ್ದನು. 1911ರಲ್ಲಿ ಅದು ಬಯಲಾದಾಗ ಉಪಾಧ್ಯಾಯರ ಸಂಘವು ಕೆರಳಿತು; ಮಂಡಲಿಯ ಕಾರ್ಯದರ್ಶಿಯಾದ ರಾಬರ್ಟ್ ಮೊರಾಂಟನು ಅದೇ ವರ್ಷ ಆ ಇಲಾಖೆಯನ್ನು ಬಿಟ್ಟು ಬೇರೆ ಹುದ್ದೆಗೆ ಹೋದನು. ಪದ್ಧತಿಯನ್ನು ಕಟ್ಟಿದವನೂ ಅದನ್ನು ಖಂಡಿಸಿದವನೂ ಉಪಾಧ್ಯಾಯನನ್ನು ನೋಡಿದ ಎತ್ತರ ಒಂದೇ ಆಗಿತ್ತೆಂಬ ಮಾತನ್ನು ಹೋಮ್ಸನ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಇನ್ನು ನಮ್ಮ ನಾಡಿನ ಪ್ರಸಂಗ. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು. ಆ ಪ್ರಾಂತದ ಪ್ರಾಥಮಿಕ ಶಾಲೆಗಳಿಗೆ 1860ರ ದಶಕದಿಂದ ಫಲಾನುಸಾರ ಸಹಾಯಧನವು ಬಂದಿತು. ಹೀಗೆ ಇಂಗ್ಲೆಂಡಿನಿಂದ ಬಂದ ಈ ಸುಧಾರಣೆಗೂ ಬಳ್ಳಾರಿಗೂ ಹಳೆಯದೊಂದು ನಂಟಿತ್ತು. 1823ರ ಆಗಸ್ಟ್ ತಿಂಗಳಲ್ಲಿ ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ಬರೆದ ವರದಿ ಪ್ರಸಿದ್ಧವಾಗಿದೆ. ಅವನ ಎಣಿಕೆಯಂತೆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ, 226 ತೆಲುಗು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಆಮೇಲೆ ಬಂದವರಿಗೆ ಸರದಿಯಂತೆ ಬೆತ್ತದ ಏಟು. ಮರಳಿನ ಮೇಲೆ ಅಕ್ಷರಾಭ್ಯಾಸ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ. ಈ ಕಡೆಯ ಕ್ರಮವನ್ನು ಇಂಗ್ಲೆಂಡಿನವರು ಅನುಸರಿಸಿದ್ದು ಯೋಗ್ಯವೇ ಆಯಿತೆಂದು ಕ್ಯಾಂಬೆಲ್ಲನು ಮೆಚ್ಚಿಕೊಂಡನು. ಮದರಾಸಿನ ಅನಾಥಾಲಯದಲ್ಲಿದ್ದಾಗ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತಾನು ನಡೆಸಿದ ಪ್ರಯೋಗವನ್ನು 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದನಷ್ಟೆ. ಅದೇ ವರದಿಯಲ್ಲಿ ಕ್ಯಾಂಬೆಲ್ಲನು ಎತ್ತಿದ ದೊಡ್ಡ ಆಕ್ಷೇಪಣೆಯೆಂದರೆ, ನಮ್ಮ ಅಯ್ಯಗಳು ಮಕ್ಕಳಿಂದ ಹಳೆಯ ಭಾಷೆಯ ಪದ್ಯಗಳನ್ನು ಅರ್ಥವಿಲ್ಲದೆ ಬಾಯಿಪಾಠ ಮಾಡಿಸುತ್ತಾರೆಂಬುದು. ಗಿಳಿಪಾಠದ ಈ ದೋಷವನ್ನು ಹೋಗಲಾಡಿಸುವ ಶ್ರೇಷ್ಠ ಮಾರ್ಗ ಯುರೋಪಿನ ಶಿಕ್ಷಣವೆಂದು ಬಹುಕಾಲ ನಂಬಲಾಯಿತು. ಅರ್ಧ ಶತಮಾನದೊಳಗೆ ಇಂಗ್ಲೆಂಡಿನ ಮಕ್ಕಳೇ ಷಿಲಿಂಗಿನ ಆಸೆಗಾಗಿ ವಾಚನ ಪುಸ್ತಕಗಳನ್ನು ಗಿಳಿಪಾಠ ಮಾಡುತ್ತಿದ್ದರು; ಆ ಪದ್ಧತಿಯೇ ಸುಧಾರಣೆಯ ಹೆಸರಿನಲ್ಲಿ ಬಳ್ಳಾರಿಗೆ ಬಂದಿತು.

ಬಂದ ಮೇಲೆ ನಮ್ಮ ಅಯ್ಯಗಳ ಸ್ಥಿತಿ ಇಂಗ್ಲೆಂಡಿನ ಉಪಾಧ್ಯಾಯನಿಗಿಂತ ಬೇರೆಯಾಯಿತು. ಕೂಲಿಮಠದ ಅಯ್ಯನಿಗೆ ಮನೆಮನೆಯ ಕಾಳು, ಹಬ್ಬದ ಕಾಣಿಕೆ, ತಿಂಗಳ ಕಾಸು ಇವೇ ಜೀವನಾಧಾರ. ಅವನ ಲೆಕ್ಕವನ್ನು ಊರೇ ಕೇಳುತ್ತಿತ್ತು. ಸಹಾಯಧನವನ್ನು ಒಪ್ಪಿದ ದಿನದಿಂದ ಊರಿನವರಿಗೆ ಬೇಕಾದ ಓಲೆ, ಪತ್ರ, ಬಡ್ಡಿ ಲೆಕ್ಕಗಳ ಬದಲು ಇಲಾಖೆಗೆ ಬೇಕಾದ ಪಾಠವನ್ನು ಹೇಳಬೇಕಾಯಿತು. ಅಭಿಪ್ರಾಯವನ್ನು ಬರೆಯಬೇಡವೆಂದು ಅವನಿಗೆ ನಿಯಮ ಮಾಡುವ ಅಗತ್ಯವೇ ಇರಲಿಲ್ಲ. ಅವನನ್ನು ಯಾರೂ ಕೇಳುತ್ತಿರಲಿಲ್ಲ. ಸಂಘವೂ ಅವನಿಗಿರಲಿಲ್ಲ. 1882ರಲ್ಲಿ ಕುಳಿತ ಹಂಟರ್ ಆಯೋಗವು, ಕಾಲೇಜುಗಳಿಗೆ ಫಲಾನುಸಾರ ಪದ್ಧತಿಯನ್ನು ಅನ್ವಯಿಸಬಾರದೆಂದು ಹೇಳಿ, ದೇಶೀಯ ಪಾಠಶಾಲೆಗಳಿಗೆ ಮಾತ್ರ ಮುಖ್ಯವಾಗಿ ಪರೀಕ್ಷೆಯ ಫಲವನ್ನು ನೋಡಿಯೇ ನೆರವು ಕೊಡುವುದು ಯುಕ್ತವೆಂದು ಸಲಹೆ ಮಾಡಿತು. ಕಾಲೇಜಿನ ಅಧ್ಯಾಪಕನಿಗೆ ಸಲ್ಲದುದು ಹಳ್ಳಿಯ ಅಯ್ಯನಿಗೆ ಸಲ್ಲುವುದೆಂಬ ಈ ವಿವೇಚನೆಯ ಮೂಲವನ್ನು ಲೋ ಅವನ ಸಂಹಿತೆಯಲ್ಲಿ ಹುಡುಕಿದರೆ ದೊರೆಯುತ್ತದೆ; ಅದೂ ಬಡವರ ಶಾಲೆಗಳಿಗಾಗಿಯೇ ರಚಿತವಾದುದು, ಈಟನ್, ಹ್ಯಾರೋಗಳಿಗಲ್ಲ. ಕರ್ಜನ್ ಪ್ರಭುವಿನ ಕಾಲದಲ್ಲಿ, 1904ರ ಮಾರ್ಚಿಯಲ್ಲಿ ಪ್ರಕಟವಾದ ವಿದ್ಯಾಭ್ಯಾಸ ನೀತಿಯ ನಿರ್ಣಯದಲ್ಲಿ ಭಾರತ ಸರ್ಕಾರವು ಈ ಪದ್ಧತಿಗೆ ವಿರುದ್ಧವಾದ ನಿಲುವನ್ನು ತಳೆಯಿತು. ಇಂಗ್ಲೆಂಡಿನ ಶಾಲೆಗಳಿಂದ ಅದರ ಕಡೆಯ ಅವಶೇಷವೂ ಹೋಗಿ ಆಗಲೇ ಏಳು ವರ್ಷಗಳಾಗಿದ್ದವು.